ನಡುವಿನ ಗಡಿಯಾರ

ಒಬ್ಬಳು ಈಜುವುದಕ್ಕೆ ಮೂವರು ಗಡಿಯಾರ ಹಿಡಿಯಬೇಕು.
ಮೂರೂ ಬೇರೆ ಬೇರೆ ಹೇಳಿದರೆ
ನಡುವಿನದ್ದು ಸತ್ಯ, ಹಾಗಂತ ನಿಯಮ ಉಂಟು.
ನಾನು ಬೊನಿಫಾಸ್ ರೇಗೊ, ಡ್ರಿಲ್ ಮಾಸ್ಟ್ರು,
ಮೂವತ್ತೊಂದು ವರ್ಷ ಲೇಡಿಹಿಲ್ಲಿನ ಕೊಳದ ಅಂಚಿನಲ್ಲಿ
ಬ್ಲೀಚಿಂಗ್ ಪೌಡರಿನ ಗಾಳಿ ಕುಡಿದವ.
ನನ್ನದು ಹೆಚ್ಚಾಗಿ ನಡುವಿನದ್ದೇ ಆಗುತ್ತಿತ್ತು.
ಬೇರೆ ಹೆಮ್ಮೆ ನನಗಿಲ್ಲ.

ಲೋಲಾಕ್ಷಿ ಮೆಂಡನ್ ಬಂದದ್ದು ತೋಟ ಬೆಂಗ್ರೆಯಿಂದ,
ಬೆಳಗಿನ ಮೊದಲ ದೋಣಿಯಲ್ಲಿ, ಹನ್ನೊಂದರ ಪ್ರಾಯ,
ಅಮ್ಮನ ಮೀನುಬುಟ್ಟಿಯ ಒಂದು ಬದಿ ಹಿಡಿದುಕೊಂಡು.
ಬಂದರಿನಲ್ಲಿ ಬುಟ್ಟಿ ಇಳಿಸಿ,
ಬಂಗುಡೆ ವಾಸನೆಯ ಕೈಯನ್ನು ಲಂಗಕ್ಕೆ ಒರೆಸಿ
ನಡೆದೇ ಗುಡ್ಡ ಹತ್ತುತ್ತಿದ್ದಳು.
"ಮಾಸ್ಟ್ರೆ, ಈ ನೀರಿಗೆ ಉಪ್ಪಿಲ್ಲ,
ನನ್ನನ್ನು ಎತ್ತುವುದೇ ಇಲ್ಲ" ಎಂದಳೊಮ್ಮೆ.
"ಎತ್ತುವುದಿಲ್ಲ ಮಗಾ. ಇಲ್ಲಿ ನೀನೇ ಏಳಬೇಕು."

ಚಿಟ್ಟೆ ಈಜು ಅಂತಾರೆ ಅದಕ್ಕೆ.
ಅವಳದು ಚಿಟ್ಟೆಯಲ್ಲ, ಬೀಸುಬಲೆ:
ಎರಡು ತೋಳು ಒಟ್ಟಿಗೆ ಎದ್ದು, ಅಗಲಿಸಿ,
ಒಟ್ಟಿಗೆ ಬಿದ್ದು, ಕೊಳವನ್ನೇ ಬಾಚಿ ಹಿಂದಕ್ಕೆ ಒಗೆದು.
ಇನ್ನೂರು ಮೀಟರು.
ಕೊನೆಯ ಐವತ್ತರಲ್ಲಿ ತೋಳು ಸೀಸವಾಗುತ್ತದೆ,
ಎದೆ ಒಲೆಯಾಗುತ್ತದೆ, ಎಲ್ಲರಿಗೂ.
ಅವಳು ಉಳಿದವರನ್ನು ದಾಟುತ್ತಿದ್ದದ್ದು ಅಲ್ಲೇ.

ದೇಶದ ದಾಖಲೆ ಮುರಿದ ದಿನ
ಮೂರು ಗಡಿಯಾರವೂ ಒಂದೇ ಅಂಕಿ ಹೇಳಿದವು.
ನಾವು ಮೂವರು ಮುಖ ಮುಖ ನೋಡಿ
ಹೆದರಿದೆವು.

ಒಲಿಂಪಿಕ್ಸಿನಲ್ಲಿ ಎಂಟನೇ ಸಾಲು, ಗೋಡೆಯ ಬದಿ.
ಇಲ್ಲಿ ಬೆಂಗ್ರೆಯ ಭಜನಾ ಮಂದಿರದಲ್ಲಿ ಟಿವಿ ಇಟ್ಟು
ಒಬ್ಬರ ಮೊಣಕಾಲಿಗೆ ಒಬ್ಬರು ತಾಗಿ ಕೂತಿದ್ದೆವು.
ಕ್ಯಾಮರಾ ನಾಲ್ಕನೇ ಸಾಲನ್ನು ಬಿಡಲಿಲ್ಲ.
ಪರದೆಯ ಮೂಲೆಯಲ್ಲಿ ಆಗೀಗ ಒಂದಿಷ್ಟು ನೊರೆ.
"ಅದೋ ನಮ್ಮವಳು!"
ನೊರೆಗೇ ಚಪ್ಪಾಳೆ ತಟ್ಟಿದೆವು.
ಆರನೆಯವಳಾದಳು. ಮುಂದಿನ ಸುತ್ತಿಲ್ಲ.
ತನ್ನದೇ ದಾಖಲೆಯನ್ನು ಮಾತ್ರ
ಸೆಕೆಂಡಿನ ಮೂರನೇ ಪಾಲಿನಷ್ಟು ಹಿಂದೆ ಬಿಟ್ಟಿದ್ದಳು.
ಅದು ಹತ್ತೊಂಬತ್ತು ವರ್ಷ ಉಳಿಯಿತು.

ಊರು ಮಾಡಬೇಕಾದ್ದು ಮಾಡಿತು: ಶಾಲು, ಪೇಟ,
ಹಣ್ಣಿನ ಬುಟ್ಟಿ, ತೆರೆದ ಜೀಪು,
ರಸ್ತೆಗೆ ಹೆಸರಿಡುವ ಮಾತು.
ರಸ್ತೆ ಹಾಗೇ ಉಂಟು.
ಕೊಳದ ಹಲಗೆಯಲ್ಲಿ ಬಣ್ಣದವ 'ಮಂಡನ್' ಎಂದು ಬರೆದ;
ಅವಳು ತಿದ್ದಿಸಲಿಲ್ಲ, ನನಗೆ ಈಗಲೂ ಕಣ್ಣಿಗೆ ಚುಚ್ಚುತ್ತದೆ.

ಹೋದ ವರ್ಷ ಎಲ್ಲಿಯೋ ಒಬ್ಬಳು, ಹದಿನಾರರ ಹುಡುಗಿ,
ಆ ಅಂಕಿಯನ್ನು ಅಳಿಸಿದಳು.
ಬೇಸರವಾಯಿತಾ ಎಂದು ಪತ್ರಿಕೆಯವರು ಕೇಳಿದ್ದಕ್ಕೆ
ಲೋಲಾಕ್ಷಿ ಹೇಳಿದ್ದಿಷ್ಟು:
"ತುಂಬಿದ ಬುಟ್ಟಿಯನ್ನು ತಲೆಯಿಂದ ಒಬ್ಬಳೇ ಇಳಿಸಲಿಕ್ಕಾಗುವುದಿಲ್ಲ.
ಇನ್ನೊಬ್ಬಳು ಬೇಕು."

ಬ್ಯಾಂಕಿಗೆ ರಜೆಯಿರುವ ಆದಿತ್ಯವಾರ
ಈಗ ಅವಳು ಬೆಂಗ್ರೆಯ ಹೆಂಗಸರನ್ನು ಕೊಳಕ್ಕೆ ಕರೆತರುತ್ತಾಳೆ,
ಐವತ್ತರವರು, ಅರವತ್ತರವರು.
ಗಂಡ, ಮಕ್ಕಳು ಎಲ್ಲ ಕಡಲು ಬಲ್ಲವರು.
ಇವರು ಜನ್ಮವಿಡೀ ಹೊಳೆ ದಾಟಿದ್ದು
ದೋಣಿಯ ಅಂಚನ್ನು ಉಗುರಿನಿಂದ ಹಿಡಿದು.
ಯಾರೂ ಕಲಿಸಲಿಲ್ಲ. ಇವರು ಕೇಳಲೂ ಇಲ್ಲ.

ಮೊನ್ನೆ ರುಕ್ಕಕ್ಕ ಇಳಿದರು, ಅವಳ ತಾಯಿ.
ಮೀನಿನ ವಾಸನೆ ಅಂತ ಇಷ್ಟು ವರ್ಷ
ಗೇಟಿನಾಚೆಯೇ ನಿಂತು ಹೋದವರು.
ನೈಟಿಯ ಮೇಲೆ ಬೈರಾಸು ಕಟ್ಟಿ,
ಕಬ್ಬಿಣದ ಪೈಪು ಹಿಡಿದವರು ಬಿಡಲೊಲ್ಲರು.
ಬೆನ್ನಡಿಗೆ ಮಗಳ ಅಂಗೈ.
"ಬುಡಡ ಮಗಾ, ಬುಡಡ."
ಬಿಟ್ಟಳು.

ನನ್ನ ಕೈ ಕಿಸೆಗೆ ಹೋದದ್ದು ನನಗೇ ತಿಳಿಯಲಿಲ್ಲ.
ಒಂಬತ್ತು ಸೆಕೆಂಡು, ಮೇಲೆ ನೂರರಲ್ಲಿ ನಲವತ್ತು.
ಒಂದೇ ಗಡಿಯಾರ, ಲೆಕ್ಕಕ್ಕಿಲ್ಲ.
ಮೂಗಿನ ನೀರು ಸೀನಿ ಎದ್ದು ನಿಂತ ರುಕ್ಕಕ್ಕ
ನನ್ನ ಕೈಯನ್ನೇ ನೋಡಿದರು.
"ಎಷ್ಟಾಯ್ತು ಮಾಸ್ಟ್ರೆ?"
ಹೇಳಿದೆ.
ಬಂಗುಡೆಯ ಕ್ರಯ ಮಾತಾಡುವ ದನಿಯಲ್ಲೇ
"ಕಮ್ಮಿಯಾಯ್ತು" ಎಂದು
ಮತ್ತೆ ಮಲಗಿದರು ನೀರಿನ ಮೇಲೆ.